ಸಂಚಾರಿ ಕಯಾಕ್ ಶಾಲೆ

ಪ್ರೌಢಶಾಲೆಯ ಪಾಠಗಳ ಜೊತೆಗೆ ರಭಸದ ನದಿಗಳಲ್ಲಿ ಕಯಾಕ್ ಎಂಬ ಕಿರುದೋಣಿ ನಡೆಸುವುದನ್ನೂ ಕಲಿಸುತ್ತ, ಊರಿಂದೂರಿಗೆ, ದೇಶದಿಂದ ದೇಶಕ್ಕೆ ಸಾಗುವ ಖಾಸಗಿ ಶಾಲೆ. ಅಮೆರಿಕದ ವರ್ಲ್ಡ್ ಕ್ಲಾಸ್ ಅಕಾಡೆಮಿ, ಪಶ್ಚಿಮ ವರ್ಜೀನಿಯಾದ ನ್ಯೂ ರಿವರ್ ಅಕಾಡೆಮಿ ಈ ಬಗೆಯಲ್ಲಿ ನಡೆದ ಶಾಲೆಗಳು.

ಇಲ್ಲಿ ಪಂಚಾಂಗ ಬರೆಯುವುದು ನೀರು. ಶರತ್ಕಾಲದಲ್ಲಿ ಸಮ್ಮರ್ಸ್‌ವಿಲ್ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಪಶ್ಚಿಮ ವರ್ಜೀನಿಯಾದ ಗಾಲಿ ನದಿ ಮೈದುಂಬುತ್ತದೆ. ಉತ್ತರದಲ್ಲಿ ಹಿಮ ಬೀಳುವ ಹೊತ್ತಿಗೆ ಚಿಲಿಯ ಫುಟಾಲೆಯುಫು ನದಿಗೆ ಬೇಸಿಗೆ. ಉಗಾಂಡದ ಜಿಂಜಾ ಬಳಿಯ ನೈಲ್ ನದಿಯಂತೂ ವರ್ಷವಿಡೀ ಬೆಚ್ಚಗಿರುತ್ತದೆ.

ದಿನದ ಒಂದು ಭಾಗ ಗಣಿತ, ಇತಿಹಾಸ, ಸ್ಥಳೀಯ ಭಾಷೆಗೆ, ಇನ್ನೊಂದು ಹೊಳೆಗೆ. ತರಗತಿ ಚಿಕ್ಕದು, ಶಿಕ್ಷಕರೂ ಜೊತೆಗೇ ಪ್ರಯಾಣಿಸುವವರು. ಹಾಗಾಗಿ ಹೋಮ್‌ವರ್ಕ್ ತಪ್ಪಿಸಿಕೊಳ್ಳುವುದು ಸುಲಭವಲ್ಲ. ಒದ್ದೆ ಬಟ್ಟೆ, ವ್ಯಾನಿನ ನೆತ್ತಿಗೆ ಬಿಗಿದ ಪ್ಲಾಸ್ಟಿಕ್ ದೋಣಿಗಳು, ಸರದಿಯ ಅಡುಗೆ ನಿತ್ಯದ ಸಂಗತಿಗಳು.

ಕಲಿಕೆಯ ತಿರುಳು ರೋಲ್, ಅಂದರೆ ಮಗುಚಿದ ದೋಣಿಯಿಂದ ಹೊರಬೀಳದೆಯೇ ಸೊಂಟದ ತಿರುವು ಮತ್ತು ಹುಟ್ಟಿನ ಬಲದಿಂದ ಮೇಲೇಳುವುದು. ತಲೆಯನ್ನು ಕೊನೆಗೆ ಎತ್ತಬೇಕು; ಉಸಿರಿಗಾಗಿ ಮೊದಲೇ ಎತ್ತಿದವರು ಮತ್ತೆ ಮುಳುಗುತ್ತಾರೆ. ಬಂಡೆಯ ಹಿಂದಿನ ಶಾಂತ ನೀರಿನಲ್ಲಿ ನಿಲ್ಲುವುದು, ಸುಳಿಗಳನ್ನು ಗುರುತಿಸುವುದು, ರಕ್ಷಣಾ ಹಗ್ಗ ಎಸೆಯುವುದು ನಂತರದ ಪಾಠಗಳು. ನದಿಯ ಕಷ್ಟವನ್ನು 1ರಿಂದ 6ರವರೆಗಿನ ದರ್ಜೆಗಳಲ್ಲಿ ಅಳೆಯುತ್ತಾರೆ. ಅಪಾಯಕರ ಇಳಿತವನ್ನು ದಡದಿಂದ ನೋಡಿ, ದೋಣಿ ಹೊತ್ತು ನಡೆದುಹೋಗುವ ನಿರ್ಧಾರವನ್ನು ಹೇಡಿತನವೆಂದು ಎಣಿಸುವುದಿಲ್ಲ.

ಅಣೆಕಟ್ಟೆಗಳು ಈ ಶಾಲೆಗಳ ಭೂಪಟವನ್ನು ಬದಲಿಸಿವೆ: 2012ರಲ್ಲಿ ಪೂರ್ಣಗೊಂಡ ಜಲವಿದ್ಯುತ್ ಯೋಜನೆಯ ಹಿನ್ನೀರಿನಲ್ಲಿ ನೈಲ್‌ನ ಬುಜಗಾಲಿ ಜಲಪಾತಗಳು ಮುಳುಗಿಹೋದವು.