ಎರಡೆಕರೆಗೊಂದು ಟ್ರ್ಯಾಕ್ಟರ್

ಹೈದರಾಬಾದಿಗೆ ಬಂದು ಮೂವತ್ತು ವರ್ಷವಾಯ್ತು. ಈಗ ಸದಾಶಿವಪೇಟೆ ಹತ್ತಿರದ ಎರಡೆಕರೆ ಮಾವಿನ ತೋಟಕ್ಕೆ ಅಗ್ಗದ ಸಣ್ಣ ಟ್ರ್ಯಾಕ್ಟರ್ ಹುಡುಕುತ್ತಿದ್ದೇನೆ. ಹುಡುಕುತ್ತಾ ಹಳೆಯದೆಲ್ಲ ನೆನಪಾಯಿತು.

ನಮ್ಮ ದೇಶದಲ್ಲಿ ಸಣ್ಣ ಟ್ರ್ಯಾಕ್ಟರ್ ಅಂದರೆ ಬಹಳ ಕಾಲ 25 ಎಚ್‌ಪಿ ಆಸುಪಾಸಿನದು. ಎಚ್‌ಎಂಟಿಯವರು 1971ರಲ್ಲಿ ಪಿಂಜೋರಿನಲ್ಲಿ ಝೆಟರ್ 2511 ಶುರುಮಾಡಿದರು. ದುರ್ಗಾಪುರದ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡ ಸ್ವರಾಜ್ 724 ಬಂದದ್ದು 1974ರಲ್ಲಿ. ಇನ್ನೂ ಸಣ್ಣದು ಬೇಕೆಂದರೆ ನಮ್ಮ ಬೆಂಗಳೂರಿನ ವಿಎಸ್‌ಟಿ! 1967ರಲ್ಲಿ ಮಿತ್ಸುಬಿಷಿ ಜೊತೆ ಸೇರಿ ಹುಟ್ಟಿದ ಕಂಪನಿ. ಮೊದಲು ಪವರ್ ಟಿಲ್ಲರ್, ಆಮೇಲೆ 18.5 ಎಚ್‌ಪಿಯ ಎಂಟಿ 180ಡಿ. ದ್ರಾಕ್ಷಿ ಸಾಲಿನ ನಡುವೆಯೂ ನುಸುಳುವ ಗಾಡಿ.

ಗಾಡಿಯೇನೋ ಇತ್ತು, ಸಾಲ ಸಿಗಬೇಕಲ್ಲ? ಆಗ ಟ್ರ್ಯಾಕ್ಟರ್ ಸಾಲಕ್ಕೆ ಸಾಮಾನ್ಯವಾಗಿ ಎಂಟೆಕರೆ ನೀರಾವರಿ ಜಮೀನು ಕೇಳುತ್ತಿದ್ದೆವು. ಅಷ್ಟಿದ್ದವನಿಗೆ ಸಣ್ಣ ಗಾಡಿ ಯಾಕೆ ಬೇಕು, ಹೇಳಿ! ಜಹೀರಾಬಾದ್ ಕಡೆಯ ಶಾಖೆಯಲ್ಲಿದ್ದಾಗ ಶುಂಠಿ ಬೆಳೆಯುವ ಒಬ್ಬ ರೈತರು ಮೂರೆಕರೆ ಪಹಣಿ ಹಿಡಿದು ಬಂದರು. ಬೀದರ್ ಕಡೆಯ ಕನ್ನಡ. "ಸಾಹೇಬ್ರ, ಎತ್ತು ಸಾಕೋದು ಭಾಳ ತ್ರಾಸ ಅದ ರೀ" ಅಂದರು. ಅರ್ಜಿ ವಾಪಸ್ ಕೊಟ್ಟೆ. ನಿಯಮದ ಪ್ರಕಾರ ಸರಿಯೇ. ಆದರೆ ಅವರ ಮುಖ ಇನ್ನೂ ಮರೆತಿಲ್ಲ.

2013ರಲ್ಲಿ ಅದೇ ಜಹೀರಾಬಾದಿನಲ್ಲಿ ಮಹೀಂದ್ರಾ ಟ್ರ್ಯಾಕ್ಟರ್ ಕಾರ್ಖಾನೆ ತೆರೆಯಿತು. ಈಗ ನನ್ನ ಸಂಬಳದ ಚೀಟಿ ಸಾಕು, ಜಮೀನು ಎಷ್ಟೆಂದು ಶೋರೂಮಿನವರು ಕೇಳುವುದೂ ಇಲ್ಲ.

ಲೆಕ್ಕ ಹಾಕಿದರೆ ವರ್ಷಕ್ಕೆ ಐವತ್ತು ಗಂಟೆಯೂ ಕೆಲಸವಿಲ್ಲ, ಬಾಡಿಗೆಯೇ ಲಾಭ. ಆದರೂ ಸೆಕೆಂಡ್ ಹ್ಯಾಂಡ್ 180ಡಿ ಒಂದನ್ನು ನೋಡಿಟ್ಟು ಬಂದಿದ್ದೇನೆ.