ಪ್ಯಾನ್-ಆಫ್ರಿಕನ್ ಇ-ನೆಟ್‌ವರ್ಕ್ ಯೋಜನೆ

ಪ್ಯಾನ್-ಆಫ್ರಿಕನ್ ಇ-ನೆಟ್‌ವರ್ಕ್ ಯೋಜನೆಯು ಆಫ್ರಿಕಾ ಖಂಡದ ದೇಶಗಳಿಗೆ ಉಪಗ್ರಹದ ಮೂಲಕ ದೂರವೈದ್ಯಕೀಯ ಹಾಗೂ ದೂರಶಿಕ್ಷಣ ಸೇವೆಗಳನ್ನು ಒದಗಿಸಲು ಭಾರತ ಸರ್ಕಾರವು ಆಫ್ರಿಕನ್ ಒಕ್ಕೂಟದ ಸಹಯೋಗದಲ್ಲಿ ಕೈಗೊಂಡ ಯೋಜನೆ. ಬೆಂಗಳೂರಿನ ಎರಡು ಆಸ್ಪತ್ರೆಗಳು ಇದರಲ್ಲಿ ತಜ್ಞ ಸಲಹಾ ಕೇಂದ್ರಗಳಾಗಿದ್ದವು.

ಹಿನ್ನೆಲೆ

ವಿಶ್ವ ಆರೋಗ್ಯ ಸಂಸ್ಥೆಯ 2006ರ ವರದಿಯ ಪ್ರಕಾರ, ಆಫ್ರಿಕಾ ಪ್ರದೇಶವು ಜಗತ್ತಿನ ರೋಗಭಾರದ ಶೇ. 24ರಷ್ಟನ್ನು ಹೊತ್ತಿದ್ದರೂ ಅಲ್ಲಿದ್ದ ಆರೋಗ್ಯ ಸಿಬ್ಬಂದಿ ಜಗತ್ತಿನ ಒಟ್ಟು ಸಂಖ್ಯೆಯ ಶೇ. 3ರಷ್ಟು ಮಾತ್ರ. ತಜ್ಞ ವೈದ್ಯರ ಕೊರತೆಯು ಇನ್ನೂ ತೀವ್ರವಾಗಿತ್ತು. 2004ರ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಪ್ಯಾನ್-ಆಫ್ರಿಕನ್ ಸಂಸತ್ತನ್ನು ಉದ್ದೇಶಿಸಿ ಮಾತನಾಡಿದ ರಾಷ್ಟ್ರಪತಿ ಎ. ಪಿ. ಜೆ. ಅಬ್ದುಲ್ ಕಲಾಂ ಈ ಜಾಲವನ್ನು ಪ್ರಸ್ತಾಪಿಸಿದರು. 2007ರ ಜುಲೈನಲ್ಲಿ ಕೇಂದ್ರ ಸಚಿವ ಸಂಪುಟವು ₹542.90 ಕೋಟಿ ವೆಚ್ಚಕ್ಕೆ ಒಪ್ಪಿಗೆ ನೀಡಿತು. ಪ್ರಾಯೋಗಿಕ ಸೇವೆಯು ಇಥಿಯೋಪಿಯಾದಲ್ಲಿ ಆರಂಭವಾಯಿತು.

ಅನುಷ್ಠಾನ

ಸಾರ್ವಜನಿಕ ವಲಯದ ಟಿಸಿಐಎಲ್ ಸಂಸ್ಥೆಯು ಯೋಜನೆಯನ್ನು ಕಾರ್ಯಗತಗೊಳಿಸಿತು. ಆಫ್ರಿಕಾದ ಮುಖ್ಯ ಭೂಕೇಂದ್ರವನ್ನು ಸೆನೆಗಲ್‌ನ ಡಾಕರ್‌ನಲ್ಲಿಯೂ ದತ್ತಾಂಶ ಕೇಂದ್ರವನ್ನು ನವದೆಹಲಿಯಲ್ಲಿಯೂ ಸ್ಥಾಪಿಸಲಾಯಿತು. ಮೊದಲ ಹಂತವನ್ನು 2009ರ ಫೆಬ್ರವರಿ 26ರಂದು ಪ್ರಣಬ್ ಮುಖರ್ಜಿ ಉದ್ಘಾಟಿಸಿದರು. ಎರಡನೇ ಹಂತವನ್ನು 2010ರ ಆಗಸ್ಟ್ 16ರಂದು ಆಗಿನ ವಿದೇಶಾಂಗ ಸಚಿವ, ಕರ್ನಾಟಕದ ಮಾಜಿ ಮುಖ್ಯಮಂತ್ರಿ ಎಸ್. ಎಂ. ಕೃಷ್ಣ ಉದ್ಘಾಟಿಸಿದರು. ಒಟ್ಟು 48 ದೇಶಗಳು ಯೋಜನೆಗೆ ಸೇರಿದವು.

ಕಾರ್ಯವಿಧಾನ

ಭಾಗವಹಿಸಿದ ಪ್ರತಿ ದೇಶದ ಒಂದು ಆಸ್ಪತ್ರೆಯನ್ನು ಭಾರತದ 12 ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಳೊಂದಿಗೆ ಜೋಡಿಸಲಾಗುತ್ತಿತ್ತು. ಅಲ್ಲಿನ ವೈದ್ಯರು ರೋಗಿಯ ಇಸಿಜಿ, ಎಕ್ಸ್-ರೇ ಮೊದಲಾದ ವರದಿಗಳನ್ನು ಕಳುಹಿಸಿ, ಭಾರತದ ತಜ್ಞರೊಂದಿಗೆ ವೀಡಿಯೊ ಮೂಲಕ ಚರ್ಚಿಸುತ್ತಿದ್ದರು. ಪ್ರತಿ ದೇಶಕ್ಕೆ ದಿನಕ್ಕೆ ಒಂದು ಗಂಟೆಯ ನೇರ ಸಮಾಲೋಚನೆಯನ್ನು ಐದು ವರ್ಷಗಳ ಕಾಲ ಉಚಿತವಾಗಿ ನೀಡುವುದು ಯೋಜನೆಯ ಭಾಗವಾಗಿತ್ತು. ವೈದ್ಯರು ಮತ್ತು ದಾದಿಯರಿಗೆ ಮುಂದುವರಿದ ವೈದ್ಯಕೀಯ ಶಿಕ್ಷಣದ ಉಪನ್ಯಾಸಗಳೂ ಇದ್ದವು. ಒಂದು ಸಮಾಲೋಚನೆಯಿಂದ ಒಬ್ಬ ರೋಗಿಗೆ ನೆರವಾದರೆ, ತರಬೇತಿಯ ಪ್ರಯೋಜನವು ಸ್ಥಳೀಯ ಆಸ್ಪತ್ರೆಯಲ್ಲಿಯೇ ಉಳಿಯುತ್ತದೆ.

ಬೆಂಗಳೂರಿನ ಪಾತ್ರ

ಬೊಮ್ಮಸಂದ್ರದ ನಾರಾಯಣ ಹೃದಯಾಲಯ ಹಾಗೂ ಕ್ಯಾನ್ಸರ್ ಚಿಕಿತ್ಸೆಯ ಹೆಲ್ತ್‌ಕೇರ್ ಗ್ಲೋಬಲ್ (ಎಚ್‌ಸಿಜಿ) ಆ 12 ಆಸ್ಪತ್ರೆಗಳಲ್ಲಿ ಸೇರಿದ್ದವು. ನಾರಾಯಣ ಹೃದಯಾಲಯಕ್ಕೆ ದೂರವೈದ್ಯಕೀಯದ ಅನುಭವವು ಮೊದಲೇ ಇತ್ತು. ಇಸ್ರೋ ನೆರವಿನಿಂದ ಅದನ್ನು ಚಾಮರಾಜನಗರದ ಜಿಲ್ಲಾಸ್ಪತ್ರೆ ಮತ್ತು ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗಳೊಂದಿಗೆ ಜೋಡಿಸಲಾಗಿತ್ತು. ಎಚ್‌ಸಿಜಿ ಸಂಸ್ಥೆಯು ಮುಂದೆ ಕೀನ್ಯಾದ ನೈರೋಬಿಯಲ್ಲಿ ಕ್ಯಾನ್ಸರ್ ಚಿಕಿತ್ಸಾ ಕೇಂದ್ರವನ್ನು ನಡೆಸತೊಡಗಿತು.

ಬನ್ನೇರುಘಟ್ಟ ರಸ್ತೆಯ ಬಿಳೇಕಹಳ್ಳಿ ಪರಿಸರವೂ ಸೇರಿದಂತೆ ನಗರದ ಖಾಸಗಿ ಆಸ್ಪತ್ರೆಗಳಿಗೆ ಆಫ್ರಿಕಾದ ರೋಗಿಗಳು ನೇರವಾಗಿ ಬರುವುದುಂಟು. ಆದರೆ ವಿಮಾನ ಪ್ರಯಾಣ, ವಸತಿ ಹಾಗೂ ಚಿಕಿತ್ಸೆಯ ವೆಚ್ಚವನ್ನು ಭರಿಸಬಲ್ಲವರಿಗೆ ಮಾತ್ರ ಈ ದಾರಿ ತೆರೆದಿರುತ್ತದೆ.

ಮಿತಿಗಳು

ದೂರವೈದ್ಯಕೀಯವು ರೋಗನಿರ್ಣಯಕ್ಕೆ ನೆರವಾಗುತ್ತದೆಯೇ ಹೊರತು ಶಸ್ತ್ರಚಿಕಿತ್ಸಕ, ಔಷಧ ಅಥವಾ ಪ್ರಯೋಗಾಲಯಕ್ಕೆ ಬದಲಿಯಲ್ಲ. ಸ್ಥಿರ ವಿದ್ಯುತ್ ಪೂರೈಕೆ, ಉಪಕರಣಗಳ ನಿರ್ವಹಣೆ ಮತ್ತು ತರಬೇತಾದ ಸ್ಥಳೀಯ ಸಿಬ್ಬಂದಿ ಇಲ್ಲದಿದ್ದರೆ ಸಂಪರ್ಕವಿದ್ದರೂ ಉಪಯೋಗ ಕಡಿಮೆ. ರಾಜಧಾನಿಯ ಒಂದೇ ಆಸ್ಪತ್ರೆಗೆ ದೊರೆತ ಸೌಲಭ್ಯವು ಗ್ರಾಮೀಣ ರೋಗಿಗೆ ತಲುಪಬೇಕಾದರೆ ಆ ದೇಶದ ಪ್ರಾಥಮಿಕ ಆರೋಗ್ಯ ವ್ಯವಸ್ಥೆಯೂ ಬಲವಾಗಿರಬೇಕಾಗುತ್ತದೆ.

ಮುಂದುವರಿಕೆ

ಯೋಜನೆಯ ಮುಂದುವರಿಕೆಯಾದ ಇ-ವಿದ್ಯಾಭಾರತಿ ಮತ್ತು ಇ-ಆರೋಗ್ಯಭಾರತಿ ಜಾಲಕ್ಕೆ 2019ರ ಅಕ್ಟೋಬರ್‌ನಲ್ಲಿ ಚಾಲನೆ ನೀಡಲಾಯಿತು. ಇದು ಉಪಗ್ರಹದ ಬದಲು ಅಂತರಜಾಲವನ್ನು ಆಧರಿಸಿದ್ದು, ಆಫ್ರಿಕಾದ ವೈದ್ಯರು ಮತ್ತು ದಾದಿಯರಿಗೆ ಉಚಿತ ವೈದ್ಯಕೀಯ ಶಿಕ್ಷಣವನ್ನು ಒದಗಿಸುವ ಉದ್ದೇಶ ಹೊಂದಿದೆ.

ಇವನ್ನೂ ನೋಡಿ

ದೂರವೈದ್ಯಕೀಯ
ಆಫ್ರಿಕನ್ ಒಕ್ಕೂಟ
ನಾರಾಯಣ ಹೃದಯಾಲಯ