ಇಸ್ಪೀಟಿನ ಕಣ ಮತ್ತು ಕಣ ನಡೆಸುವವನ ಪಾಲು

ಹಳೆಯ ಮೈಸೂರು ಸೀಮೆಯ ಜೂಜಿನಲ್ಲಿ ಹಬ್ಬದ ಆಟ ಮತ್ತು ಅಡ್ಡೆಯ ಆಟ ಎಂಬ ಎರಡು ಬಗೆಗಳನ್ನು ಬೇರ್ಪಡಿಸಿ ನೋಡದೆ ಹೋದರೆ ಶಿವಮೊಗ್ಗ, ಭದ್ರಾವತಿಗಳಲ್ಲಿ ಇಸ್ಪೀಟು ಬೇರೂರಿದ ಪರಿ ಅರ್ಥವಾಗುವುದಿಲ್ಲ. ಧರ್ಮಶಾಸ್ತ್ರಗಳು ಬಲಿಪಾಡ್ಯಮಿಯನ್ನು ದ್ಯೂತ ಪ್ರತಿಪದೆಯೆಂದು ಕರೆದು ಅಂದು ಪಣವಿಟ್ಟು ಆಡುವುದಕ್ಕೆ ಒಪ್ಪಿಗೆ ಕೊಟ್ಟಿದ್ದರೆ, ಈ ಸೀಮೆಯ ಊರುಗಳಲ್ಲಿ ಯುಗಾದಿಯ ಸುಮಾರಿಗೆ ನೆರೆಹೊರೆಯವರು ಕಟ್ಟೆಯ ಮೇಲೆ ಕೂತು ಎಲೆ ಹಾಕುವ ವಾಡಿಕೆ ಬೆಳೆದುಬಂದಿದೆ. ಅಲ್ಲಿ ಒಬ್ಬನು ಸೋತದ್ದು ಪೂರ್ತಿಯಾಗಿ ಇನ್ನೊಬ್ಬನ ಕೈ ಸೇರುತ್ತದೆ. ಅಡ್ಡೆಯಲ್ಲಿ ಹಾಗಲ್ಲ, ಜಾಗವನ್ನೂ ಎಲೆಗಳನ್ನೂ ಒದಗಿಸುವವನು ಆಡದೆಯೇ ಒಂದು ಪಾಲನ್ನು ಎತ್ತಿಕೊಳ್ಳುತ್ತಾನೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದ್ಯೂತಾಧ್ಯಕ್ಷ, ಅಂದರೆ ಜೂಜಿನ ಮೇಲ್ವಿಚಾರಣೆಯ ಅಧಿಕಾರಿ, ಗೆದ್ದವನಿಂದ ನೂರಕ್ಕೆ ಐದರಷ್ಟನ್ನೂ ದಾಳಗಳ ಬಾಡಿಗೆಯನ್ನೂ ನೀರಿನ ಮತ್ತು ಜಾಗದ ಶುಲ್ಕವನ್ನೂ ವಸೂಲು ಮಾಡಬೇಕೆಂದಿದೆ. ಇಂದಿನ ಯಾವ ಕ್ಯಾಸಿನೊದ ಲೆಕ್ಕವೂ ಇದರಿಂದ ಬಹಳ ದೂರ ಸರಿದಿಲ್ಲ.

ಬೆಂಕಿಪುರವೆಂದು ಕರೆಯಲ್ಪಡುತ್ತಿದ್ದ ಭದ್ರಾವತಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ ರೂಪುಗೊಂಡ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಸುಗ್ಗಿಯಿಂದ ಸುಗ್ಗಿಗೆ ಹಣ ಕಾಣುತ್ತಿದ್ದ ಸೀಮೆಯಲ್ಲಿ ತಿಂಗಳಿಗೊಮ್ಮೆ ತಪ್ಪದೆ ನಗದು ಬರುವ ದೊಡ್ಡದೊಂದು ಸಮುದಾಯ ಇದರಿಂದ ಹುಟ್ಟಿಕೊಂಡಿತು. ಹಬ್ಬಕ್ಕೆ ಕಾಯಬೇಕಾಗಿಲ್ಲದ ಆಟಕ್ಕೆ ಬೇಕಾದದ್ದೂ ಇಂಥ ನಗದೇ.

ಈ ಭಾಗದಲ್ಲಿ ಹೆಚ್ಚು ಪ್ರಚಲಿತವಾದ ಅಂದರ್ ಬಾಹರ್ ಆಟದಲ್ಲಿ ಒಂದು ಎಲೆಯನ್ನು ತೆರೆದಿಟ್ಟು, ಅದೇ ಅಂಕಿಯ ಇನ್ನೊಂದು ಎಲೆ ಒಳಗೆ, ಹೊರಗೆ ಎಂಬ ಎರಡು ಪಕ್ಕಗಳಲ್ಲಿ ಯಾವುದಕ್ಕೆ ಮೊದಲು ಬೀಳುವುದೆಂಬುದರ ಮೇಲೆ ಪಣ ಕಟ್ಟಲಾಗುತ್ತದೆ. ಮೊದಲ ಎಲೆ ಬೀಳುವ ಪಕ್ಕ ಗೆಲ್ಲುವ ಸಂಭವ ನೂರಕ್ಕೆ ಸುಮಾರು 51.5, ಆಟಗಾರನ ಜಾಣ್ಮೆಗೆ ಅಲ್ಲಿ ಕೆಲಸವೇ ಇಲ್ಲ. ರಮ್ಮಿಯಲ್ಲಿ ಬಿದ್ದ ಎಲೆಗಳ ನೆನಪು ಬೇಕು. ರಾಜ್ಯದ 1963ರ ಪೊಲೀಸ್ ಕಾಯ್ದೆ ಈ ಭೇದವನ್ನೇ ಆಧರಿಸಿತು: 79 ಮತ್ತು 80ನೆಯ ಕಲಮುಗಳು ಜೂಜುಕಟ್ಟೆ ನಡೆಸುವವನನ್ನೂ ಅಲ್ಲಿ ಸಿಕ್ಕವನನ್ನೂ, 87ನೆಯದು ಬೀದಿಯಲ್ಲಿ ಆಡುವವನನ್ನೂ ಶಿಕ್ಷೆಗೆ ಗುರಿಪಡಿಸಿದರೆ, 176ನೆಯದು ಕೌಶಲದ ಆಟಗಳಿಗೆ ವಿನಾಯಿತಿ ನೀಡಿತು. ಸಿಕಂದರಾಬಾದಿನ ಕ್ಲಬ್ಬೊಂದರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1967ರಲ್ಲಿ ರಮ್ಮಿಯನ್ನು ಬಹುಮಟ್ಟಿಗೆ ಕೌಶಲದ ಆಟವೆಂದು ಒಪ್ಪಿತು, ಮೂರೆಲೆಯಂಥ ಆಟವನ್ನು ಅದರಿಂದ ಬೇರ್ಪಡಿಸಿತು. ಸದಸ್ಯರಿಂದ ಕ್ಲಬ್ಬು ಪಡೆಯುವ ಶುಲ್ಕ ಅತಿಯಾಗದಿದ್ದರೆ ಅದು ಜೂಜುಕಟ್ಟೆಯಾಗದೆಂದೂ ಹೇಳಿತು. ಕ್ಲಬ್ಬಿನ ಮೇಜಿಗೂ ಊರಾಚೆಯ ತೋಟದ ಅಡ್ಡೆಗೂ ನಡುವಿನ ಗೆರೆ ಹೀಗೆ ಎಳೆಯಲ್ಪಟ್ಟಿತು, ಮತ್ತು ಆ ಗೆರೆಯ ಯಾವ ಬದಿಯಲ್ಲಿ ಯಾರು ಕೂತಿರುತ್ತಾರೆಂಬುದು ಬಹುಪಾಲು ಅವರ ವರಮಾನವನ್ನೇ ಅವಲಂಬಿಸಿತು.

ಪೋಕರ್ ಈ ಪರಂಪರೆಗೆ ತಡವಾಗಿ ಸೇರಿದ ಆಟ. ಇದರ ಹೆಚ್ಚು ಪ್ರಸಿದ್ಧವಾದ ರೂಪದಲ್ಲಿ ಪ್ರತಿಯೊಬ್ಬನಿಗೆ ಎರಡು ಗುಪ್ತ ಎಲೆಗಳು, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆಗಳು. ಎಲೆಗಳು ತೆರೆದಂತೆಲ್ಲ ಪಣ ಏರುತ್ತದೆ, ಎದುರಾಳಿಯನ್ನು ಹೆದರಿಸಿ ಗೆಲ್ಲುವುದಕ್ಕೂ ಅವಕಾಶವಿದೆ. ಕರ್ನಾಟಕ ಹೈಕೋರ್ಟು 2013ರಲ್ಲಿ ಕೌಶಲದ ಆಟವಾಗಿ ಆಡುವ ಪೋಕರಿಗೆ ಪರವಾನಗಿ ಬೇಕಿಲ್ಲವೆಂದಿತು. ಕ್ಯಾಸಿನೊ ಮಾತ್ರ ರಾಜ್ಯದಲ್ಲಿಲ್ಲ. ಗೋವಾ ತನ್ನ 1976ರ ಜೂಜು ಕಾಯ್ದೆಯನ್ನು 1992ರಲ್ಲಿ ತಿದ್ದಿ ಪಂಚತಾರಾ ಹೋಟೆಲುಗಳಲ್ಲಿ ಯಂತ್ರದ ಆಟಗಳಿಗೂ, ಮುಂದೆ ಹಡಗುಗಳಲ್ಲಿ ಮೇಜಿನ ಆಟಗಳಿಗೂ ಅವಕಾಶ ಕೊಟ್ಟದ್ದರಿಂದ, ಶಿವಮೊಗ್ಗದ ಆಟಗಾರನಿಗೆ ಸಾಗರ, ಹೊನ್ನಾವರ, ಕಾರವಾರಗಳ ದಾರಿಯಾಗಿ ಅಲ್ಲಿನ ಮಾಂಡೋವಿ ನದಿಯ ಹಡಗುಗಳೇ ಹತ್ತಿರದ ಕ್ಯಾಸಿನೊಗಳಾದವು.

ಅಲ್ಲಿಂದ ಬರಿಗೈಯಲ್ಲಿ ಮರಳುವವನು ಸಾಮಾನ್ಯವಾಗಿ ಎಲೆ ಕೈಕೊಟ್ಟಿತೆಂದು ಕೊರಗುತ್ತಾನೆ. ಲೆಕ್ಕ ಬೇರೆಯದನ್ನು ಹೇಳುತ್ತದೆ. ಆರು ಮಂದಿ ತಲಾ 1,000 ರೂಪಾಯಿ ತಂದರೆ ಮೇಜಿನ ಮೇಲಿರುವುದು 6,000. ಒಂದೊಂದು ಸುತ್ತಿನಲ್ಲಿ ಸರಾಸರಿ 1,000 ರೂಪಾಯಿ ಪಣ ಸೇರಿ, ಅದರಿಂದ ಮನೆಯವರು, ಅಂದರೆ ಆಟ ನಡೆಸುವವರು, ನೂರಕ್ಕೆ ಐದನ್ನು ಕಳೆದರೆ 60 ಸುತ್ತುಗಳಲ್ಲಿ 3,000 ರೂಪಾಯಿ ಅವರ ಪೆಟ್ಟಿಗೆ ಸೇರುತ್ತದೆ. ಆರೂ ಜನ ಸಮಾನ ಜಾಣರಾಗಿದ್ದರೂ ಅವರು ತಂದ ಹಣದಲ್ಲಿ ಅರ್ಧ ಹೀಗೆ ಕರಗುತ್ತದೆ, ಮತ್ತು ಅದನ್ನು ಗೆದ್ದವನು ಮೇಜಿನ ಸುತ್ತ ಕಾಣಿಸುವುದೇ ಇಲ್ಲ. ಭದ್ರಾವತಿಯ ಸಂಸಾರಗಳನ್ನು ಇದಕ್ಕಿಂತ ಹೆಚ್ಚು ಸೊರಗಿಸಿದ್ದು, ದಿನದ ಆರಂಭ ಮತ್ತು ಮುಕ್ತಾಯದ ಅಂಕಿಗಳ ಮೇಲೆ ಚೀಟಿ ಬರೆಸುವ ಓಸಿ ಮಟ್ಕಾ. ಹತ್ತು ರೂಪಾಯಿಗೂ ಅದರಲ್ಲಿ ಪಣ ಕಟ್ಟಬಹುದಾದ್ದರಿಂದ ಕೂಲಿಯವನನ್ನೂ ಅದು ಬಿಡಲಿಲ್ಲ.

ಕಾಗದ ಕಾರ್ಖಾನೆ ನಿಂತು, ಕಬ್ಬಿಣ, ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರಲ್ಲಿ ಹೊರಬಿದ್ದ ವೇಳೆಗೆ ಇಸ್ಪೀಟಿನ ಕಣ ಮೊಬೈಲಿನೊಳಗೂ ಬಂದಿತ್ತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ತಡೆಯುವ 2021ರ ರಾಜ್ಯ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟು 2022ರ ಫೆಬ್ರವರಿಯಲ್ಲಿ ರದ್ದುಪಡಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಕಾನೂನು ಕೌಶಲ, ಅದೃಷ್ಟಗಳ ಭೇದವನ್ನೇ ಬದಿಗಿಟ್ಟು, ಹಣದ ಆನ್‌ಲೈನ್ ಆಟಗಳನ್ನು ನಡೆಸುವವರನ್ನು ಶಿಕ್ಷೆಗೆ ಗುರಿಮಾಡಿ ಆಡುವವನನ್ನು ಅದರಿಂದ ಹೊರಗಿಟ್ಟಿತು. ಕಾಗದದ ಎಲೆ ಹಿಡಿದು ಕೂತವನಿಗೆ ಮಾತ್ರ 1963ರ ಕಾಯ್ದೆಯೇ ಅನ್ವಯಿಸುತ್ತದೆ, ಮತ್ತು ಅದರಡಿ ಅಡ್ಡೆ ನಡೆಸಿದವನ ಜೊತೆಗೆ ಸೋತವನೂ ಆರೋಪಿಯಾಗಿಯೇ ನಿಲ್ಲಬೇಕಾಗುತ್ತದೆ.